ಕಾಣುವ ಕೊಳಲು, ಕೇಳುವ ಕೊಳಲು

ನಾದವನ್ನು ಚಿತ್ರಿಸಹೊರಟ ಕುಂಚ ವಾದ್ಯವನ್ನಷ್ಟೇ ಬರೆದು ಸುಮ್ಮನಾಗುವುದುಂಟು. ಜಪಾನಿನ ಐದು ರಂಧ್ರಗಳ ಬಿದಿರುಕೊಳಲು ಶಾಕುಹಾಚಿಗೆ ಆದದ್ದೂ ಅದೇ. ಬುಟ್ಟಿಯಂಥ ಟೋಪಿಯಲ್ಲಿ ಮುಖ ಮರೆಸಿ, ಅದನ್ನೂದುತ್ತ ಭಿಕ್ಷೆಗೆ ಹೊರಡುತ್ತಿದ್ದ ಫುಕೆ ಪಂಥದ ಝೆನ್ ಸನ್ಯಾಸಿಗಳಿಗೆ ಅದು ಧ್ಯಾನಸಾಧನ. (1871ರಲ್ಲಿ ಸರ್ಕಾರ ಪಂಥವನ್ನು ರದ್ದುಗೊಳಿಸಿತು, ನಾದ ಆದೇಶಕ್ಕೆ ಮಣಿಯಲಿಲ್ಲವೆಂಬುದು ನನ್ನಂಥ ಸರ್ಕಾರಿ ನೌಕರನಿಗೂ ಸಂತೋಷವೇ.) 18ನೆಯ ಶತಮಾನದ ಹರುನೊಬು ಪ್ರಣಯಿಗಳಿಗೆ ಆ ಸನ್ಯಾಸಿವೇಷ ತೊಡಿಸಿ ಮುದ್ರಣಚಿತ್ರ ರಚಿಸಿದ. ಮೋಹಕವೇ ಹೌದು, ಆದರೆ ಅಲ್ಲಿ ಕೊಳಲು ಕಾಣುತ್ತದೆ, ಕೇಳಿಸುವುದಿಲ್ಲ.

ಈ ಸಂಗೀತದಲ್ಲಿ ಉಸಿರು ಮುಗಿದ ಮೇಲಿನ ಬಿಡುವಿಗೂ ಸ್ವರದಷ್ಟೇ ತೂಕ. ಜಪಾನೀಯರು ಅದನ್ನು ‘ಮಾ’ ಎನ್ನುತ್ತಾರೆ. ಆ ಬಿಡುವನ್ನು ಬಣ್ಣದಿಂದ ತುಂಬಿದ ಕಲಾವಿದ ಶಾಕುಹಾಚಿಯನ್ನು ಕೇಳಿದ್ದಾನೆಂದು ನಾನೊಪ್ಪಲಾರೆ. 16ನೆಯ ಶತಮಾನದ ಹಸೆಗಾವಾ ತೋಹಾಕುವಿನ ಪೈನ್ ಮರಗಳ ತೆರೆಚಿತ್ರದಲ್ಲಿ ಕೊಳಲೂ ಇಲ್ಲ, ಸನ್ಯಾಸಿಯೂ ಇಲ್ಲ. ಮಸಿಗಿಂತ ಖಾಲಿ ಕಾಗದವೇ ಹೆಚ್ಚು. ಆ ಮಂಜಿನೊಳಗೆ ನನಗೆ ಕೊಳಲು ಕೇಳಿಸುತ್ತದೆ.