ಪಾವಗಡದ ಬಿಸಿಲೂ ಕೈಗಾದ ಕಾವೂ

ನಾಡಿನ ವಿದ್ಯುತ್ ಸಂಪತ್ತನ್ನು ಮೆಗಾವಾಟುಗಳ ಮೊತ್ತದಿಂದ ಅಳೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆದರೆ ಆ ಮೊತ್ತವು ಯಾವ ಹೊತ್ತಿನಲ್ಲಿ ನಮಗೆ ಒದಗುವುದೆಂಬುದನ್ನು ವಿಚಾರಿಸದೆ ಪರಮಾಣು ಶಕ್ತಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಹೂಡುವ ವಾದವು ಅಪೂರ್ಣವಾಗಿಯೇ ಉಳಿಯುತ್ತದೆ. ಮಳೆಯನ್ನು ನಂಬಿ ಸೋತ ಪಾವಗಡ ಸೀಮೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ ಹರಡಿರುವ ಸೌರ ಫಲಕಗಳ ಸಾಮರ್ಥ್ಯ 2,050 ಮೆಗಾವಾಟ್. ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳದು ಒಟ್ಟು 880. ಆದರೂ ಇರುಳು, ಮೋಡ, ಓರೆಬಿಸಿಲುಗಳ ದೆಸೆಯಿಂದ ಸೌರ ಸ್ಥಾವರವು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಕಾಲುಭಾಗವನ್ನು ಮೀರುವುದು ದುರ್ಲಭವಾಗಿಯೂ, ಸುಸ್ಥಿತಿಯ ಪರಮಾಣು ಘಟಕವು ಐದರಲ್ಲಿ ನಾಲ್ಕು ಪಾಲನ್ನು ಕೊಡಬಲ್ಲದಾಗಿಯೂ ಇರುವುದರಿಂದ, ವರ್ಷಾಂತ್ಯದಲ್ಲಿ ಯೂನಿಟ್ಟುಗಳನ್ನು ಎಣಿಸುವಾಗ ಕಿರಿದಾದ ಕೈಗಾವೇ ಮುಂದಾಗುತ್ತದೆ.

ಈ ಸ್ಥಿರತೆಗೆ ಕಾರಣವು ಅಲ್ಲಿನ ಭಾರಜಲ ರಿಯಾಕ್ಟರಿನ ರಚನೆಯಲ್ಲಿಯೇ ಉಂಟು. ಅಡ್ಡಲಾಗಿ ಸಾಲುಗೂಡಿದ ಕೊಳವೆಗಳಿಗೆ ಯಂತ್ರವು ಒಂದು ಕೊನೆಯಿಂದ ಹೊಸ ಯುರೇನಿಯಂ ಕಟ್ಟನ್ನು ನೂಕುತ್ತದೆ; ಉರಿದ ಕಟ್ಟು ಇನ್ನೊಂದು ಕೊನೆಯಿಂದ ಹೊರಬರುತ್ತದೆ; ಇಂಧನ ತುಂಬುವುದಕ್ಕಾಗಿ ಘಟಕವನ್ನು ನಿಲ್ಲಿಸಬೇಕಾದುದಿಲ್ಲ. ಕೈಗಾದ ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿಗೆ ವಿಶ್ವದಾಖಲೆಯನ್ನು ಸ್ಥಾಪಿಸಿದ್ದು ಹೀಗೆ.

ಇದರಿಂದ ಸೂರ್ಯನ ಉಪಕಾರವು ಕಡಿಮೆಯೆಂದು ಅರ್ಥವಲ್ಲ. ಹಗಲಿನಲ್ಲಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ದೊರೆತು, ಹಾವು ಚೇಳುಗಳ ಭಯದಲ್ಲಿ ನಡುರಾತ್ರಿ ಹೊಲಕ್ಕೆ ಹೋಗುವ ಕಷ್ಟ ಎಷ್ಟೋ ರೈತರಿಗೆ ತಪ್ಪುವುದಾದರೆ ಅದು ಸಾಮಾನ್ಯ ಲಾಭವಲ್ಲ. ಆದರೆ ಸಂಜೆ ಕವಿದು ಮನೆಮನೆಯ ದೀಪಗಳು ಬೆಳಗುವ ವೇಳೆಗೆ ಫಲಕಗಳು ನಿಷ್ಕ್ರಿಯವಾಗುತ್ತವೆ. ಆಗ ಶರಾವತಿಯ ನೀರು ಬೇಕು, ಇಲ್ಲವೇ ರಾಯಚೂರಿನ ಕಲ್ಲಿದ್ದಲು ಬೇಕು. 2023ರಂತೆ ಮುಂಗಾರು ಸೊರಗಿದ ವರ್ಷದಲ್ಲಿ ಜಲಾಶಯವೂ ಕೈಚೆಲ್ಲುವುದರಿಂದ ಭಾರವೆಲ್ಲ ಕಲ್ಲಿದ್ದಲಿನ ಮೇಲೆಯೇ ಬೀಳುತ್ತದೆ. ಆದುದರಿಂದ ಪರಮಾಣುವನ್ನು ಹೋಲಿಸಿ ನೋಡಬೇಕಾದುದು ಸೌರಶಕ್ತಿಯೊಡನಲ್ಲ, ಕಲ್ಲಿದ್ದಲು ಇರುಳೆಲ್ಲ ಉಗುಳುವ ಹೊಗೆಯೊಡನೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಪರಮಾಣುವಿಗೆ ಮುಖ್ಯಸ್ಥಾನವನ್ನು ಕಟ್ಟಿಕೊಡುವುದೂ ಸಲ್ಲದು. 1989ರಲ್ಲಿ ಕಾಮಗಾರಿ ಆರಂಭಿಸಿದ ಕೈಗಾವು ವಾಣಿಜ್ಯ ಉತ್ಪಾದನೆಗೆ ತೊಡಗಿದ್ದು 2000ದಲ್ಲಿ. ಅಷ್ಟು ಕಾಲ ಕಾಯುವ ಸಾವಕಾಶ ಇಂದಿನ ಹವಾಮಾನಕ್ಕಿಲ್ಲ. ಮೇಲಾಗಿ ಬೇಡಿಕೆಯ ಏರಿಳಿತಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಹಿಗ್ಗಿ ಕುಗ್ಗುವುದು ಅದರ ಪ್ರಕೃತಿಯಲ್ಲ. ಆ ಕಾರ್ಯಕ್ಕೆ ಬ್ಯಾಟರಿಗಳೂ, ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಕ್ಕೆ ಬಿಡುವ ವ್ಯವಸ್ಥೆಯೂ ಬೇಕು. ಶರಾವತಿ ಕಣಿವೆಯಲ್ಲಿ ಇಂಥದೇ ಯೋಜನೆಗೆ ಎದ್ದಿರುವ ವಿರೋಧವನ್ನು ಕಂಡರೆ, ‘ಹಸಿರು’ ಎನಿಸಿಕೊಂಡ ವಿದ್ಯುತ್ತೂ ಕಾಡಿನಿಂದ ಬೆಲೆ ಕೇಳದೆ ಬಿಡದೆಂಬುದು ಸ್ಪಷ್ಟ. ಹೆಚ್ಚಿನ ಪಾಲು ಸೂರ್ಯ, ಗಾಳಿಗಳದಾಗಿ, ಅವು ಬಿಟ್ಟ ಇರುಳಿನ ನೆಲೆಗಟ್ಟನ್ನು ಮಿತವಾದ ಪರಮಾಣು ಶಕ್ತಿಯು ಹೊರುವುದು ಯುಕ್ತವಾದ ಕ್ರಮ.

ಉಳಿದಿರುವುದು ವಿಶ್ವಾಸದ ಪ್ರಶ್ನೆ. ಎಲ್ಲಕ್ಕಿಂತಲೂ ಕಠಿಣವಾದುದು ಅದೇ. ಕೈಗಾವನ್ನು ವಿರೋಧಿಸಿದ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಲೋಕಸಭಾ ಚುನಾವಣೆಗೂ ನಿಂತರು, ಗೆಲ್ಲಲಿಲ್ಲ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದ ಒಂದನೆಯ ಘಟಕದ ಗುಮ್ಮಟದ ಒಳಪದರವು ಕಳಚಿ ಬಿದ್ದಾಗ, ಎಚ್ಚರಿಕೆ ಹೇಳಿದವರ ಆತಂಕವು ನಿರಾಧಾರವಾಗಿರಲಿಲ್ಲವೆಂಬುದು ನಾಡಿಗೆ ವೇದ್ಯವಾಯಿತು. ಗುಮ್ಮಟವನ್ನು ಮತ್ತೆ ಕಟ್ಟಿದರು. ಆದರೆ ನಂಬಿಕೆಯನ್ನು ಕಟ್ಟುವ ಕೆಲಸಕ್ಕೆ ಅಷ್ಟೇ ಶ್ರದ್ಧೆ ಸಲ್ಲಬೇಕು. ಕಾಳಿಯ ಅಣೆಕಟ್ಟುಗಳಿಗಾಗಿ ಒಮ್ಮೆ ನೆಲೆ ಕಳೆದುಕೊಂಡ ಆ ಕಣಿವೆಯ ಜನರ ಮುಂದೆ ಈಗ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಯೋಜನೆ ಬಂದು ನಿಂತಿದೆ. ಅವು ಮೇಲೇಳುವ ಮುನ್ನವೇ, ಸುತ್ತಲಿನ ವಿಕಿರಣದ ಅಳತೆ, ಜನರ ಆರೋಗ್ಯ ಸಮೀಕ್ಷೆ, ಉರಿದ ಇಂಧನದ ವಿಲೇವಾರಿ ಇವುಗಳ ಸಮಗ್ರ ವಿವರವನ್ನು ತಿಳಿಗನ್ನಡದಲ್ಲಿ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಸಲ್ಲಿಸಿ, ಸ್ವತಂತ್ರ ತಜ್ಞರಿಂದ ಪರೀಕ್ಷೆಗೆ ಅವಕಾಶ ಕೊಡಬೇಕೆಂದು ಸರ್ಕಾರವನ್ನು ಒತ್ತಾಯಿಸುತ್ತೇನೆ.