ಕಾವಲಿನ ಹುಲ್ಲು ಯಾರ ಸ್ವತ್ತು?

ರಾಕೆಟ್ಟು ಶ್ರೀರಂಗಪಟ್ಟಣದವರಿಗೆ ಹೊಸತಲ್ಲ. ಹೈದರ್-ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1780ರ ಪೊಳ್ಳಿಲೂರಿನಿಂದ 1799ರವರೆಗೆ ಇಂಗ್ಲಿಷರ ದಂಡನ್ನು ಕಂಗೆಡಿಸಿದ್ದವು. ಅದೇ ಸೈನ್ಯದ ತೋಪುಗಳನ್ನು ಎಳೆದದ್ದು ಅಮೃತಮಹಲ್ ಎತ್ತುಗಳು. ಅವುಗಳ ಮೇವಿಗೆಂದೇ ಸಂಸ್ಥಾನದ ಉದ್ದಗಲಕ್ಕೂ ಕಾವಲುಗಳಿದ್ದವು.

ಅಂಥದೇ ಕಾವಲಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಸರ್ಕಾರ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ ಕೊಟ್ಟಿತು. ಚಾಲಕರಿಲ್ಲದ ವಿಮಾನಗಳ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಗೋಡೆ ಎದ್ದಿತು, ಕುರಿ ಹೊರಗುಳಿಯಿತು. ಕುರಿಯಿಲ್ಲದೆ ಉಣ್ಣೆಯಿಲ್ಲ, ಉಣ್ಣೆಯಿಲ್ಲದೆ ಕಂಬಳಿಯಿಲ್ಲ, ಕಂಬಳಿಯಿಲ್ಲದೆ ಸಂತೆಯ ವ್ಯಾಪಾರವೂ ಇಲ್ಲ. ಊರಿನವರ ಅಹವಾಲು 2013ರಲ್ಲಿ ಹಸಿರು ನ್ಯಾಯಮಂಡಳಿ ಮುಟ್ಟುವ ಹೊತ್ತಿಗೆ ಜಮೀನು ಕೈಬಿಟ್ಟಾಗಿತ್ತು.

ದೇಶದ ರಕ್ಷಣೆ ಬೇಡವೆನ್ನುವವರು ನಾವಲ್ಲ. ಆದರೆ ಅದರ ಬೆಲೆಯನ್ನು ಕುರಿಗಾಹಿಯೊಬ್ಬನೇ ಏಕೆ ತೆರಬೇಕು? ಒಡಿಶಾದ ಬಲಿಯಾಪಾಲ್ ರೈತರು 1980ರ ದಶಕದಲ್ಲಿ ದಾರಿಗೆ ಅಡ್ಡಗಟ್ಟಿ ನಿಂತು ತಮ್ಮ ನೆಲದಲ್ಲಿ ಕ್ಷಿಪಣಿ ನೆಲೆಯಾಗದಂತೆ ತಡೆದರು. ಅದರಿಂದ ಪರೀಕ್ಷೆ ನಿಂತಿತೇ? ಇಲ್ಲ. ಅದೇ ರಾಜ್ಯದ ಕಡಲ ನಡುವಿನ ವ್ಹೀಲರ್ ದ್ವೀಪದಿಂದ, ಇಂದಿನ ಅಬ್ದುಲ್ ಕಲಾಂ ದ್ವೀಪದಿಂದ, ಕ್ಷಿಪಣಿಗಳು ಹಾರಿದವು. ಬಲಿಯಾಪಾಲಿನ ಹೊಲಗಳೂ ಉಳಿದವು.

ನಾಗಮಂಗಲ, ಕೃಷ್ಣರಾಜಪೇಟೆಗಳ ಗೋಮಾಳಕ್ಕೂ ನಾಳೆ ಈ ಗತಿ ಬರಬಹುದು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಒಂದು ಗುಂಟೆಯೂ ಹೋಗಕೂಡದು. ಪಾಂಡವಪುರದ ಕಾರ್ಖಾನೆಯ ಕೂಲಿಗಾರರೂ ಸಂತೆಯ ವರ್ತಕರೂ ಈ ಮಾತನ್ನು ಇಂದೇ, ಒಂದೇ ದನಿಯಲ್ಲಿ ಹೇಳಬೇಕು.