ಕೈಸರನ ನಾಣ್ಯವೂ ಮತಪತ್ರವೂ

1938ನೆಯ ಇಸವಿಯ ಏಪ್ರಿಲ್ 10, ಕ್ರೈಸ್ತರ ಪಾಲಿಗೆ ಗರಿಗಳ ಭಾನುವಾರ. ಯೇಸುಸ್ವಾಮಿಯು ಜೆರೂಸಲೇಮ್ ಪಟ್ಟಣವನ್ನು ಪ್ರವೇಶಿಸಿದಾಗ ಜನರು ಗರಿಗಳನ್ನು ಹಿಡಿದು ಜಯಕಾರ ಮಾಡಿದ ದಿನದ ಸ್ಮರಣೆ. ಆಸ್ಟ್ರಿಯ ದೇಶದಲ್ಲಿ ಸಾಲ್ಜಾಖ್ ನದಿಯ ಬಳಿಯಿರುವ ಸಾಂಕ್ಟ್ ರಾಡೆಗುಂಡ್ ಎಂಬ ಪುಟ್ಟ ಗ್ರಾಮದ ಜನರಿಗೆ ಅಂದು ಎರಡು ಕೆಲಸಗಳಿದ್ದುವು: ಒಂದು, ದೇವಾಲಯದ ಪೂಜೆ, ಇನ್ನೊಂದು, ಮತದಾನ. ನಾಲ್ಕು ವಾರಗಳ ಹಿಂದೆ ಹಿಟ್ಲರನ ಸೇನೆ ಆ ದೇಶದೊಳಕ್ಕೆ ಬಂದಿತ್ತು. ಆಸ್ಟ್ರಿಯವು ಜರ್ಮನಿಯಲ್ಲಿ ಲೀನವಾದುದು ಸಮ್ಮತವೆ ಎಂಬುದು ಮತಪತ್ರದ ಪ್ರಶ್ನೆ. ‘ಹೌದು’ ಎನ್ನುವವರಿಗೆ ದೊಡ್ಡ ವೃತ್ತ. ‘ಇಲ್ಲ’ ಎನ್ನುವವರಿಗೆ ಸಣ್ಣ ವೃತ್ತ. ಉತ್ತರವು ಯಾವುದಾಗಬೇಕೆಂಬುದನ್ನು ಆ ಕಾಗದವೇ ಹೇಳುತ್ತಿತ್ತು.

ಆ ಗ್ರಾಮದಲ್ಲಿ ಫ್ರಾನ್ಸ್ ಯೇಗರ್‌ಸ್ಟೆಟರ್ ಎಂಬ ಮೂವತ್ತು ವರ್ಷದ ರೈತನಿದ್ದನು, ದೈವಭಕ್ತ. ಮತಗಟ್ಟೆಯ ಕಡೆಗೆ ತಲೆಹಾಕುವುದೇ ಬೇಡವೆಂಬುದು ಆತನ ಮೊದಲ ಮನಸ್ಸು. ಆದರೆ ಮನೆಯಲ್ಲಿ ತೊಟ್ಟಿಲ ಕೂಸಿತ್ತು. ಹೋಗದಿದ್ದರೆ ಏನು ಒದಗುವುದೋ ಎಂದು ಹೆಂಡತಿ ಫ್ರಾನ್ಸಿಸ್ಕಾ ಹೆದರಿದಳು, ಹೋಗಿಬರಲೇಬೇಕೆಂದು ಒತ್ತಾಯಿಸಿದಳು. ಆಕೆಯ ಮಾತಿಗೆ ಆತನು ಹೋದನು. ಹೋಗಿ ‘ಇಲ್ಲ’ ಎಂದು ಮತ ಹಾಕಿ ಬಂದನು. ಇಡೀ ಗ್ರಾಮದಲ್ಲಿ ಅಂಥ ಮತ ಅದೊಂದೇ. ಅಧಿಕಾರಿಗಳು ಅದನ್ನೂ ಅಡಗಿಸಿ, ಊರಿಗೆ ಊರೇ ಏಕಾಭಿಪ್ರಾಯದಿಂದ ‘ಹೌದು’ ಎಂದಿತೆಂದು ಮೇಲಕ್ಕೆ ವರದಿ ಮಾಡಿದರು.

ಹೋಗಬೇಕೆ, ಹೋಗಬಾರದೆ? ಹೋದರೆ ಯಾರ ಮಾತಿನಂತೆ ಗುರುತು ಮಾಡಬೇಕು? ಈ ಪ್ರಶ್ನೆ ಆ ರೈತ ದಂಪತಿಗಳದು ಮಾತ್ರವಲ್ಲ. ದೇವರ ಸೇವೆಯೇ ಸರ್ವೋಪರಿ ಎಂದು ನಂಬಿದ ಕ್ರೈಸ್ತನು ಲೌಕಿಕ ರಾಜ್ಯದ ಚುನಾವಣೆಯಲ್ಲಿ ಪಾಲುಗೊಳ್ಳಬಹುದೆ ಎಂಬ ಚರ್ಚೆ ಪಶ್ಚಿಮದಲ್ಲಿ ನಡೆದಿದೆ. ನಮ್ಮ ದೇಶದ ನ್ಯಾಯಾಲಯದ ಹೊಸ್ತಿಲಿಗೂ ಅದರ ನೆರಳು ಬಿದ್ದಿದೆ.

ಶಾಸ್ತ್ರವೇನು ಹೇಳುತ್ತದೆ? ಕೈಸರನಿಗೆ ಕಂದಾಯ ಕೊಡುವುದು ಧರ್ಮವೆ ಎಂದು ಕೇಳಿ ತನ್ನನ್ನು ಸಿಕ್ಕಿಸಲು ಬಂದವರಿಂದಲೇ ಯೇಸುಸ್ವಾಮಿಯು ನಾಣ್ಯವೊಂದನ್ನು ತರಿಸಿ, ಅದರ ಮೇಲಿನ ಮುದ್ರೆ ಯಾರದೆಂದು ಮರುಪ್ರಶ್ನೆ ಮಾಡಿದ ಪ್ರಸಂಗವು ಪ್ರಸಿದ್ಧವಾದುದು. ಅರಸನ ಋಣವನ್ನು ಅರಸನಿಗೆ, ದೇವರ ಋಣವನ್ನು ದೇವರಿಗೆ ತೀರಿಸಬೇಕೆಂಬುದು ಅದರ ತಾತ್ಪರ್ಯ. ಸಂತ ಪೌಲನು ಅಧಿಕಾರಿಗಳಿಗೆ ಅಧೀನರಾಗಿರಲು ರೋಮಿನ ಭಕ್ತರಿಗೆ ಪತ್ರ ಬರೆದನು. ಪೇತ್ರನೂ ಇತರ ಅಪೊಸ್ತಲರೂ ನ್ಯಾಯಸಭೆಯ ಮುಂದೆ ನಿಂತು, ಮನುಷ್ಯರ ಆಜ್ಞೆಗಿಂತ ದೇವರಾಜ್ಞೆಯೇ ಮಿಗಿಲೆಂದು ಸಾರಿದರು. ಮತ ಕೊಡಿರಿ ಎಂದಾಗಲಿ ಕೊಡಬೇಡಿರಿ ಎಂದಾಗಲಿ ಬೈಬಲಿನಲ್ಲಿ ಎಲ್ಲಿಯೂ ಹೇಳಿಲ್ಲ. ಆ ಕಾಲದ ಭಕ್ತರಿಗೆ ಕೈಸರನನ್ನು ಆರಿಸುವ ಅವಕಾಶವೇ ಇರಲಿಲ್ಲ. ಆದ್ದರಿಂದ ಉತ್ತರವನ್ನು ಹುಡುಕುವ ಹೊಣೆ ಮುಂದಿನವರ ಮೇಲೆ ಬಿದ್ದಿತು.

ಮತ ಹಾಕಬಾರದೆನ್ನುವವರಲ್ಲಿ ‘ಯೆಹೋವನ ಸಾಕ್ಷಿಗಳು’ ಎಂಬ ಪಂಥದವರು ಪ್ರಮುಖರು. ದೇವರ ರಾಜ್ಯವೊಂದೇ ತಮ್ಮ ಸರಕಾರವೆಂದೂ ಮನುಷ್ಯರ ಪಕ್ಷಗಳ ನಡುವೆ ತಾವು ತಟಸ್ಥರೆಂದೂ ಅವರ ನಂಬಿಕೆ. ತೆರಿಗೆಯನ್ನು ಕೊಡುತ್ತಾರೆ, ಕಾನೂನನ್ನು ಪಾಲಿಸುತ್ತಾರೆ, ಮತವನ್ನು ಮಾತ್ರ ಹಾಕುವುದಿಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಈ ಪಂಥದ ಮೂವರು ಮಕ್ಕಳನ್ನು ಹೊರಗೆ ಹಾಕಲಾಯಿತು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ; ಅದೇ ಅಪರಾಧ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಕ್ಕಳ ಪರವಾಗಿ ತೀರ್ಪಿತ್ತಿತು. ಅದು ಮತದಾನದ ಮೊಕದ್ದಮೆಯಲ್ಲ. ಆದರೂ ಪ್ರಾಮಾಣಿಕವಾದ ನಂಬಿಕೆಯಿಂದ ಹುಟ್ಟಿದ ಮೌನಕ್ಕೆ ಸಂವಿಧಾನದ ರಕ್ಷಣೆಯಿದೆ ಎಂಬುದು ಅದರಿಂದ ಸ್ಥಿರಪಟ್ಟಿತು. 1924ರಿಂದ ಮತದಾನವನ್ನು ಕಡ್ಡಾಯ ಮಾಡಿರುವ ಆಸ್ಟ್ರೇಲಿಯ ದೇಶವೂ, ಮತ ಹಾಕದಿರುವುದು ತನ್ನ ಧಾರ್ಮಿಕ ಕರ್ತವ್ಯವೆಂದು ನಂಬಿದವನಿಗೆ ದಂಡ ವಿಧಿಸುವುದಿಲ್ಲ. ಅದು ಸಾಕಷ್ಟು ಕಾರಣವೆಂದು ಕಾನೂನಿನಲ್ಲೇ ಬರೆದಿದೆ. ಇಂಥವರನ್ನು, ಮತದಾನದ ದಿನ ರಜೆ ಸಿಕ್ಕಿತೆಂದು ಮಧ್ಯಾಹ್ನದವರೆಗೆ ಮಲಗುವವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಒಬ್ಬನದು ವ್ರತ, ಮತ್ತೊಬ್ಬನದು ಸೋಮಾರಿತನ.

ಆದರೆ ಮತ ಹಾಕದಿರುವುದೂ ಮೇಲಿನವರ ಅಪ್ಪಣೆಯಿಂದಲೇ ಆದಾಗ? ಇಟಲಿಯಲ್ಲಿ ಹಾಗೆಯೇ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಸಂಸ್ಥಾನಗಳೆಲ್ಲ ಒಂದುಗೂಡಿ ಹೊಸ ರಾಜ್ಯವಾದಾಗ ಪೋಪರ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶಗಳು ಕೈಬಿಟ್ಟುಹೋದುವು; 1870ರಲ್ಲಿ ರೋಮ್ ನಗರವೂ ಹೋಯಿತು. ಪಾರ್ಲಿಮೆಂಟಿನ ಚುನಾವಣೆಗಳಲ್ಲಿ ಕಥೋಲಿಕರು ಪಾಲುಗೊಳ್ಳುವುದು ಉಚಿತವಲ್ಲವೆಂದು 1868ರಲ್ಲಿಯೇ ರೋಮಿನಿಂದ ಆದೇಶ ಹೊರಟಿತ್ತು. ಪುರಸಭೆಯ ಚುನಾವಣೆಗೆ ಅಡ್ಡಿಯಿಲ್ಲ, ಪಾರ್ಲಿಮೆಂಟಿಗೆ ಮಾತ್ರ ಸಲ್ಲದು! 1905ರಲ್ಲಿ ಆ ಕಟ್ಟು ಸಡಿಲವಾಯಿತು. 1919ರಲ್ಲಿ ಪೂರ್ತಿಯಾಗಿ ಬಿಚ್ಚಿತು. ಅದೇ ವರ್ಷ ಲುಯಿಜಿ ಸ್ಟುರ್ಜೊ ಎಂಬ ಪಾದ್ರಿ ಸ್ಥಾಪಿಸಿದ ಪಕ್ಷವು ಮೊದಲ ಚುನಾವಣೆಯಲ್ಲಿಯೇ ನೂರು ಸ್ಥಾನಗಳನ್ನು ಗಳಿಸಿತು. ಅರ್ಧ ಶತಮಾನ ಹೊರಗೆ ನಿಲ್ಲಿಸಲ್ಪಟ್ಟಿದ್ದ ಜನರ ಬಲವೆಷ್ಟೆಂಬುದು ಆಗ ಕಂಡುಬಂದಿತು. ಅಷ್ಟು ಕಾಲವೂ ದೇಶದ ಕಾನೂನುಗಳು ರಚನೆಯಾಗುತ್ತಲೇ ಇದ್ದುವು. ಅವುಗಳನ್ನು ಪಾಲಿಸುವ ಭಾರ ಮಾತ್ರ ಇವರ ಮೇಲೂ ಇದ್ದಿತು.

ಆಸ್ಟ್ರಿಯದಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. ಅಲ್ಲಿನ ಧರ್ಮಾಧ್ಯಕ್ಷರು 1938ರ ಮಾರ್ಚಿಯಲ್ಲಿ ಜಂಟಿ ಹೇಳಿಕೆಯೊಂದನ್ನು ಹೊರಡಿಸಿ, ‘ಹೌದು’ ಎನ್ನುವಂತೆ ಭಕ್ತರಿಗೆ ಸೂಚಿಸಿದರು. ವಿಯೆನ್ನದ ಕಾರ್ಡಿನಲ್ ಇನಿಟ್ಸರ್ ಅವರು ಅದರ ಜತೆಗಿನ ಪತ್ರದ ಕೊನೆಗೆ ಹಿಟ್ಲರನ ಜಯಕಾರವನ್ನು ಸ್ವಹಸ್ತದಿಂದ ಬರೆದರು. ಏಳು ತಿಂಗಳು ಕಳೆಯುವುದರೊಳಗಾಗಿ ಅವರಿಗೆ ಕಣ್ಣು ತೆರೆಯಿತು. ಕ್ರಿಸ್ತನೊಬ್ಬನೇ ನಾಯಕನೆಂದು ಅಕ್ಟೋಬರ್ 7ರಂದು ಅವರು ಯುವಜನರಿಗೆ ಬೋಧಿಸಿದರು. ಮರುದಿನವೇ ಹಿಟ್ಲರನ ತರುಣಪಡೆ ಅವರ ನಿವಾಸಕ್ಕೆ ನುಗ್ಗಿ ಧ್ವಂಸಮಾಡಿತು. ಆದರೆ ಏಪ್ರಿಲ್ ತಿಂಗಳು ಕಳೆದುಹೋಗಿತ್ತು. ಆಸ್ಟ್ರಿಯದಲ್ಲಿ ನೂರಕ್ಕೆ 99.73 ಮಂದಿ ‘ಹೌದು’ ಎಂದರೆಂಬ ಅಧಿಕೃತ ಫಲಿತಾಂಶವೂ ಪ್ರಕಟವಾಗಿತ್ತು. ಯೆಹೂದ್ಯರಿಗೆ ಆ ದಿನ ಮತದ ಹಕ್ಕೇ ಇರಲಿಲ್ಲ.

ಹೀಗೆ ಒಂದು ದೇಶದಲ್ಲಿ ದೇವರ ಹೆಸರಿನಿಂದಲೇ ಬೇಡವೆಂಬ ಅಪ್ಪಣೆ. ಇನ್ನೊಂದು ದೇಶದಲ್ಲಿ ಅದೇ ಹೆಸರಿನಿಂದ ಹೌದೆನ್ನಿರೆಂಬ ಅಪ್ಪಣೆ. ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಧರ್ಮವೆಂದೂ ಅಭಿಪ್ರಾಯವೆಂದೂ ಓಟೆಂದೂ ಮೂರು ಅರ್ಥಗಳಿವೆ. ಮೊದಲನೆಯ ಮತವು ಮೂರನೆಯದನ್ನು ಆಳಲು ಹೊರಟು ನಡುವಿನದನ್ನು ನುಂಗಿಬಿಟ್ಟರೆ ಉಳಿಯುವುದು ಮಂದೆಯ ನಡಿಗೆಯೇ ಸರಿ. ಯೇಗರ್‌ಸ್ಟೆಟರನ ಹಿರಿಮೆ ಕಾಣುವುದು ಇಲ್ಲಿಯೇ. ಆತನು ಧರ್ಮವನ್ನು ಬಿಟ್ಟು ಮತ ಹಾಕಲಿಲ್ಲ. ಧರ್ಮಾಧ್ಯಕ್ಷರ ಮಾತನ್ನು ತನ್ನ ಅಂತಃಸಾಕ್ಷಿಯ ಸ್ಥಾನದಲ್ಲಿ ಕೂರಿಸಲೂ ಇಲ್ಲ. ಯೇಸುವನ್ನು ಬಿಟ್ಟು ಬರಬ್ಬನನ್ನು ಆರಿಸಿಕೊಂಡ ಗುಂಪಿಗೆ ಆತನು ಮುಂದೆ ತನ್ನ ಬರೆಹಗಳಲ್ಲಿ ಆ ಏಪ್ರಿಲಿನ ಮತದಾರರನ್ನು ಹೋಲಿಸಿದ್ದಾನೆ.

ನಾಣ್ಯದ ಪ್ರಸಂಗವನ್ನು ಈಗ ಮತ್ತೊಮ್ಮೆ ನೋಡಬಹುದು. ಅಂದಿನ ನಾಣ್ಯದ ಮೇಲೆ ಕೈಸರನ ಮುದ್ರೆಯಿತ್ತು. ಅದನ್ನು ಸಲ್ಲಿಸಿದವನಿಗೆ ಕೈಸರನ ಆಳ್ವಿಕೆಯಲ್ಲಿ ಪಾಲಿರಲಿಲ್ಲ. ಗಣರಾಜ್ಯದ ಮತಪತ್ರವು ಹಾಗಲ್ಲ. ಅದರ ಮೇಲೆ ಬೀಳುವ ಮುದ್ರೆ ಮತದಾರನದು. ಅಲ್ಲಿ ಆತನೇ ಕೈಸರನ ಒಂದು ಅಂಶ. ಆದ್ದರಿಂದ ಅದು ದೇವರಿಗೆ ಸಲ್ಲಬೇಕಾದುದರಲ್ಲಿ ಕಡಿತಮಾಡಿ ಅರಸನಿಗೆ ಕೊಡುವ ಕಾಣಿಕೆಯಲ್ಲ. ಅರಸನ ಸ್ಥಾನದಲ್ಲಿ ಕುಳಿತವನು ದೇವರಿಗೆ ಒಪ್ಪಿಸಬೇಕಾದ ಲೆಕ್ಕ. ಮತ ಹಾಕಿದವನೂ ಆ ಲೆಕ್ಕವನ್ನು ಒಪ್ಪಿಸಬೇಕು, ಹಾಕದೆ ಉಳಿದವನೂ ಒಪ್ಪಿಸಬೇಕು. ಬಡವನಿಗೆ, ಪರದೇಶಿಗೆ, ಅನಾಥನಿಗೆ ಅದರಿಂದ ಏನಾಯಿತೆಂಬ ಪ್ರಶ್ನೆಗೆ ಇಬ್ಬರೂ ಉತ್ತರ ಹೇಳಬೇಕಾದವರೇ.

ಭಾರತದ ಕ್ರೈಸ್ತ ಮುಂದಾಳುಗಳು ಈ ಹೊಣೆಯನ್ನು ಬೇಗನೆ ಗುರುತಿಸಿದರು. 1935ರ ಶಾಸನದಂತೆ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತದಾರ ಮಂಡಲಗಳಿದ್ದುವು. ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಹರೇಂದ್ರಕುಮಾರ ಮುಖರ್ಜಿಯವರೂ, 1897ರಲ್ಲಿ ಮಂಗಳೂರಿನಲ್ಲಿ ಜನಿಸಿ ಯೇಸುಸಭೆಯ ಪಾದ್ರಿಗಳಾಗಿದ್ದ ಜೆರೋಮ್ ಡಿಸೋಜ ಅವರೂ, ತಮ್ಮ ಜನ ಬೇರೆ ಸಾಲಿನಲ್ಲಿ ನಿಲ್ಲದೆ ಎಲ್ಲರೊಡನೆ ಒಂದೇ ಸಾಲಿನಲ್ಲಿ ನಿಂತು ಮತ ಹಾಕುವುದನ್ನು ಒಪ್ಪಿದರು. 1949ರ ಮೇ ತಿಂಗಳಿನಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡುವ ನಿರ್ಧಾರವಾಯಿತು. 2011ರ ಜನಗಣತಿಯಂತೆ ದೇಶದಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ 2.3, ಕರ್ನಾಟಕದಲ್ಲಿ 1.87. ಇಷ್ಟು ಸಣ್ಣ ಸಮುದಾಯವು ಆ ನಿರ್ಧಾರವನ್ನು ಒಪ್ಪಿದುದು ನೆರೆಯವರ ಮೇಲಣ ವಿಶ್ವಾಸದಿಂದ. ಧರ್ಮದ ಹೆಸರಿನಲ್ಲಿ ಮತಯಾಚನೆ ಮಾಡುವುದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಭ್ರಷ್ಟಾಚಾರ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದುಮಾಡುವುದೂ ಹಾಗೆಯೇ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಾರೂ ಒಪ್ಪಿಗೆಯಲ್ಲದಿದ್ದರೆ ‘ಮೇಲಿನ ಯಾರೂ ಅಲ್ಲ’ ಎನ್ನುವ ಗುಂಡಿಯೂ 2013ರಿಂದ ಇದೆ. ಸಣ್ಣ ವೃತ್ತದ ಭಯ ಇಲ್ಲಿಲ್ಲ.

ಒಬ್ಬನ ಮತದಿಂದ ಏನಾದೀತು ಎಂದು ಕೇಳುವವರುಂಟು. ಯೇಗರ್‌ಸ್ಟೆಟರನ ಮತವು ಎಣಿಕೆಗೂ ಬರಲಿಲ್ಲ. ಆದರೆ ಐದು ವರ್ಷಗಳ ತರುವಾಯ, 1943ರ ಮಾರ್ಚ್ 1ರಂದು, ಹಿಟ್ಲರನ ಸೇನೆಯಲ್ಲಿ ಹೋರಾಡಲು ಆತನು ಒಲ್ಲೆನೆಂದನು. ಮನೆಯಲ್ಲಿ ಆಗ ಮೂವರು ಪುಟ್ಟ ಹೆಣ್ಣುಮಕ್ಕಳು. ಸಂಸಾರವನ್ನು ನೆನೆಯೆಂದು ಊರವರೂ ಪಾದ್ರಿಗಳೂ ಬುದ್ಧಿ ಹೇಳಿದರು. ಅಂದು ಮತಗಟ್ಟೆಗೆ ಹೋಗೆಂದು ಒತ್ತಾಯಿಸಿದ್ದ ಫ್ರಾನ್ಸಿಸ್ಕಾ ಈ ಬಾರಿ ಗಂಡನ ಪಕ್ಕದಲ್ಲಿ ನಿಂತಳು. ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನ ಸೆರೆಮನೆಯಲ್ಲಿ ಆತನ ಶಿರಚ್ಛೇದವಾಯಿತು.

2007ರ ಅಕ್ಟೋಬರ್ 26ರಂದು ಲಿಂಟ್ಸ್ ನಗರದ ಮಹಾದೇವಾಲಯದಲ್ಲಿ, ಸಂತಪದವಿಯ ಹಿಂದಿನ ಮೆಟ್ಟಿಲಾದ ‘ಧನ್ಯ’ ಪದವಿಗೆ ಧರ್ಮಸಭೆಯು ಆತನನ್ನು ಏರಿಸಿತು. ಹಿಂದೆ ‘ಹೌದು’ ಎನ್ನಿರೆಂದು ಬೋಧಿಸಿದ ಪೀಠಗಳ ಉತ್ತರಾಧಿಕಾರಿಗಳೇ, ‘ಇಲ್ಲ’ ಎಂದವನ ಹೆಸರನ್ನು ಅಂದು ಗೌರವದಿಂದ ಉಚ್ಚರಿಸಿದರು. ತೊಂಬತ್ತನಾಲ್ಕು ವರ್ಷದ ಫ್ರಾನ್ಸಿಸ್ಕಾ ಆ ಸಭೆಯಲ್ಲಿ ಕುಳಿತು ಅದನ್ನು ಕೇಳಿದಳು.